ಬಿಸಿ ಕೋಟು

ಚಳಿಗಾಲ ಹೊರಡಲೆಂದು ಎದ್ದು ನಿಂತು, ಇನ್ನೂ ಹೊಸಿಲು ದಾಟಿರದ ದಿನಗಳು. ಬೆಳಗಿನ ಮೊದಲ ಬಸ್ಸು ಬೀದಿಯ ತಿರುವಿನಲ್ಲಿ ಗೇರು ಬದಲಿಸುವ ಹೊತ್ತು. ಆ ಸದ್ದಿಗೆ ಅವಳಿಗೆ ಅರೆ ಎಚ್ಚರವಾಯಿತು. ಕೈ ತನ್ನಷ್ಟಕ್ಕೆ ತಾನೇ ಕಾಲ ಬಳಿ ಮುದ್ದೆಯಾಗಿದ್ದ ಹೊದಿಕೆಯನ್ನು ಹುಡುಕಿ ಕತ್ತಿನವರೆಗೆ ಎಳೆದುಕೊಂಡಿತು. ಮಗ್ಗುಲಾಗಿ, ಮಂಡಿ ಮಡಚಿ, ಹೊದಿಕೆಯೊಳಗೆ ತನ್ನದೇ ಉಸಿರು ಬೆಚ್ಚಗೆ ಸುತ್ತಿಕೊಂಡ ಮೇಲೆ, ತಾನೇನು ಮಾಡಿದೆ ಎಂಬುದು ಅವಳಿಗೆ ಹೊಳೆಯಿತು. ಚಳಿ. ತನಗೆ ಚಳಿಯಾಗುತ್ತಿದೆ. ಎಲ್ಲರಿಗೂ ಆಗುವಂಥ ಸಾದಾ ಚಳಿ, ಬಹಳ ದಿನ ಮುಖ ತೋರಿಸದ ನೆಂಟನ ಹಾಗೆ ಹೇಳದೆ ಕೇಳದೆ ಬಂದು ಪಕ್ಕದಲ್ಲಿ ಮಲಗಿತ್ತು. ಖುಷಿಯಾಗಬೇಕಿತ್ತು. ಆದದ್ದು ಭಯ. ಕದ್ದ ಮಾಲಿನ ಸಮೇತ ಸಿಕ್ಕಿಬಿದ್ದವಳ ಭಯ. ಕೆಲವು ದಿನಗಳಿಂದ ಅನುಮಾನವಿತ್ತು, ಇರಲಿಕ್ಕಿಲ್ಲ ಅಂದುಕೊಂಡು ದಿನ ತಳ್ಳಿದ್ದಳು. ಇವತ್ತು ಖಾತ್ರಿಯಾಯಿತು. ಈ ಮೈ ಹೊತ್ತುಕೊಂಡು ಇವತ್ತು ಹೂವಿನ ಶೆಡ್ಡಿನ ಆ ತಣ್ಣನೆಯ ಕೋಣೆಯೊಳಕ್ಕೆ ಹೋಗುವುದು ಹೇಗೆ?

ಮಂಚದ ಆ ತುದಿಯಲ್ಲಿ ಗಂಡ ಗೋಡೆಗೆ ಅಂಟಿಕೊಂಡು ಮಲಗಿದ್ದ. ಕಿವಿ ಮುಚ್ಚುವ ಉಣ್ಣೆಯ ಟೋಪಿ, ಎರಡು ಹೊದಿಕೆ, ಕಾಲಿಗೆ ಸಾಕ್ಸು. ತಲೆಯ ಮೇಲೆ ಫ್ಯಾನು ಪೂರ್ತಿ ಜೋರಿನಲ್ಲಿ ತಿರುಗುತ್ತಿತ್ತು. ಚಳಿಗಾಲವಿಡೀ ಅವನು ಹೀಗೇ ಮಲಗಿದ್ದು, ಒಂದು ದಿನವೂ ಒಂದು ಮಾತು ಆಡಿರಲಿಲ್ಲ. ಆಡದಿದ್ದುದಕ್ಕೇ ಅವಳಿಗೆ ಒಮ್ಮೊಮ್ಮೆ ಸಿಟ್ಟು ಬರುತ್ತಿತ್ತು. ಅವಳು ಮೆಲ್ಲಗೆ, "ರೀ, ಆ ಫ್ಯಾನ್ ಸ್ವಲ್ಪ ಆರಿಸ್ತೀರಾ?" ಅಂದಳು. ಅವನು ಎದ್ದು ಕೂತ. "ಏನಂದೆ?" "ಫ್ಯಾನು. ಚಳಿ ಆಗ್ತಿದೆ." ಬಸ್ಸಿನಲ್ಲಿ ಟಿಕೇಟು ಹರಿದು ಹರಿದು ಒರಟಾದ ಕೈಯನ್ನು ಅವನು ಅವಳ ಹಣೆಯ ಮೇಲಿಟ್ಟ. "ಜ್ವರಗಿರ ಬಂದಿದ್ಯೇನೆ?" "ಇಲ್ಲ." "ಮತ್ತೆ ಚಳಿ ಅಂತೀಯ?" ಅವನ ಮುಖದಲ್ಲಿ ಅರ್ಥ ನಿಧಾನಕ್ಕೆ ಮೂಡಿತು. ಟೋಪಿ ಕಿತ್ತು ಅವಳ ತಲೆಗೆ ಹಾಕಿ, "ಹಾಗಾದ್ರೆ ಇದಿನ್ನು ನಿನಗೆ. ನನ್ನ ಡ್ಯೂಟಿ ಮುಗೀತು" ಎಂದು ನಕ್ಕ. ಅವಳೂ ನಕ್ಕಳು. ನಗುವಾಗ ಹೊಕ್ಕುಳ ಕೆಳಗೆ, ಹೊಲಿಗೆ ಹಾಕಿದ ಗೆರೆಯ ಪಕ್ಕದಲ್ಲಿ ಅಂಟಿಸಿಕೊಂಡಿದ್ದ ಹಾರ್ಮೋನಿನ ಪಟ್ಟಿ ಚರ್ಮವನ್ನು ಒಂದಿಷ್ಟು ಎಳೆಯಿತು. ಉಗುರಿಗಿಂತ ತುಸು ದೊಡ್ಡದು, ಬಣ್ಣವಿಲ್ಲದ್ದು, ದೂರದಿಂದ ಕಾಣುವುದೂ ಇಲ್ಲ. ಇದೆಲ್ಲ ಅದರದ್ದೇ ಕೆಲಸ.

ಹೋದ ಬೇಸಿಗೆಯಲ್ಲಿ ಗರ್ಭಕೋಶ ತೆಗೆದಿದ್ದರು. ತಿಂಗಳಲ್ಲಿ ಅರ್ಧದಷ್ಟು ದಿನ ರಕ್ತ ಹೋಗಿ ಹೋಗಿ ಗೋಡೆ ಹಿಡಿದು ನಡೆಯುವಂತಾಗಿದ್ದವಳಿಗೆ ತೆಗೆದದ್ದೇ ಸಮಾಧಾನವಾಗಿತ್ತು. ಅದರ ಜೊತೆ ಅಂಡಾಶಯ ಎರಡನ್ನೂ ತೆಗೆದರು ಎಂಬುದರ ಅರ್ಥ ಅವಳಿಗೆ ಆದದ್ದು ಮನೆಗೆ ಬಂದ ಮೇಲೆ. ಒಂದು ಮಧ್ಯಾಹ್ನ ಎದೆಯ ನಡುವಿನಿಂದ ಯಾರೋ ಬಿಸಿನೀರಿನ ನಲ್ಲಿ ತಿರುಗಿಸಿದ ಹಾಗೆ ಕಾವು ಹತ್ತಿ ಕತ್ತು, ಕಿವಿ, ತಲೆಬುರುಡೆವರೆಗೂ ಏರಿತು. ಬೆವರು ಹುಬ್ಬಿನಿಂದ ತೊಟ್ಟಿಕ್ಕಿತು. ಆಮೇಲೆ ಏನೂ ಆಗದವರ ಹಾಗೆ ಮೈ ತಣ್ಣಗೆ ಒದ್ದೆಯಾಗಿ ಬಿದ್ದುಕೊಂಡಿತು. ದಿನಕ್ಕೆ ಎಷ್ಟು ಸಲ ಅಂತ ಲೆಕ್ಕವಿಲ್ಲ. ಬಸ್ಸಿನಲ್ಲಿ ಮುದುಕರೊಬ್ಬರು ಎದ್ದು ಸೀಟು ಬಿಟ್ಟುಕೊಟ್ಟು, "ಕೂತ್ಕೊಳ್ಳಮ್ಮ, ಬೀಳ್ತೀಯ" ಅಂದಿದ್ದರು. ಅಷ್ಟು ವಯಸ್ಸಾದವರ ಸೀಟಿನಲ್ಲಿ ಕೂತು, ಸುತ್ತ ನಿಂತವರ ಕಣ್ಣು ತಪ್ಪಿಸಲು ತನ್ನ ಚೀಲದ ಜಿಪ್ಪನ್ನು ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡಿದ್ದಳು. ಗಂಡ ಹತ್ತಿರ ಬಂದರೆ ನೋವು. ನೋವು ಎಂದು ಹೇಳಲು ನಾಚಿಕೆ. ಹೇಳದೆ ಅವನ ಕೈ ತಳ್ಳಿದರೆ ಅವನ ಮುಖದ ಮೇಲೆ ಕಾಣುವ ಗಲಿಬಿಲಿ. ಇದೇ ಕಾವು ಅಮ್ಮನಿಗೂ ಬಂದಿರಬೇಕು. ಅಮ್ಮ ಒಲೆಯ ಮುಂದಿನಿಂದ ಇದ್ದಕ್ಕಿದ್ದಂತೆ ಎದ್ದು ಹಿತ್ತಲಿಗೆ ಹೋಗಿ ನೀರಿನ ತೊಟ್ಟಿಯ ಸಿಮೆಂಟಿಗೆ ಹಣೆ ಒತ್ತಿಕೊಂಡು ನಿಂತಿರುತ್ತಿದ್ದಳು. ತೊಟ್ಟಿಯ ಜೊತೆ ಏನೋ ಗುಟ್ಟು ಮಾತಾಡ್ತಿದ್ದಾಳೆ ಎಂದು ಆಗ ಅನ್ನಿಸುತ್ತಿತ್ತು.

ಬಸ್ಸಿಗೆ ಕಾಯುವಾಗ ಅಕ್ಕನ ಫೋನು ಬಂತು. ಅಕ್ಕ ಫೋನಿನಲ್ಲಿ ಹೇಗಿದೀಯ ಎಂದು ಕೇಳುವುದಿಲ್ಲ, ನೇರ ವಿಷಯಕ್ಕೇ ಇಳಿಯುತ್ತಾಳೆ. "ಇನ್ನೂ ಅಂಟಿಸ್ಕೊಂಡೇ ಇದೀಯೇನೆ ಅದನ್ನ?" "ಹೂಂ." "ಎಷ್ಟು ದಿನ ಅಂಟಿಸ್ಕೋತೀಯ? ನಂಗೂ ಬಂತು, ಅಮ್ಮಂಗೂ ಬಂತು. ನಮಗೆ ಯಾರು ಏನು ಕೊಟ್ರು? ಒಂದು ಬೀಸಣಿಗೆನೂ ಕೊಡಲಿಲ್ಲ. ತಡ್ಕೊಂಡ್ವಿ, ಹೋಯ್ತು. ನೀನೊಬ್ಳೇ ಮಹಾರಾಣಿ." "ಡಾಕ್ಟ್ರು ಹೇಳಿದಾರೆ ಅಕ್ಕ, ನನ್ನ ವಯಸ್ಸಿಗೆ ಇದು ಬೇಕೇ ಬೇಕಂತೆ. ಮೂಳೆಗೂ ಒಳ್ಳೇದಂತೆ." "ಡಾಕ್ಟ್ರು ಹೇಳ್ತಾರೆ, ಅವರಿಗೇನು" ಎಂದು ಅಕ್ಕ ಗೊಣಗಿದಳು. ಆಮೇಲೆ ದನಿ ತಗ್ಗಿಸಿ, "ನಿದ್ದೆ ಬರ್ತಿದ್ಯಾ?" ಎಂದು ಕೇಳಿದಳು. "ಬರ್ತಿದೆ." "ಪೂರ್ತಿ?" "ಪೂರ್ತಿ." ಅಕ್ಕ ಫೋನು ಇಟ್ಟಳು. ಬಸ್ಸು ಬಂದು ನಿಂತಾಗ ಅವಳಿಗೆ ಪಟ್ಟಿ ಬರೆದುಕೊಟ್ಟ ಡಾಕ್ಟರಮ್ಮನ ಕೋಣೆ ನೆನಪಿಗೆ ಬಂತು. ಆಕೆ ಸ್ತನದ ಕಾಯಿಲೆ ಮನೆಯಲ್ಲಿ ಯಾರಿಗಾದರೂ ಇತ್ತಾ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದುಂಟಾ ಎಂದೆಲ್ಲ ಒಂದೊಂದಾಗಿ ಕೇಳಿ, "ಮುಟ್ಟು ನಿಲ್ಲೋ ದಾರೀಲಿ ಹತ್ತು ವರ್ಷದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳೀಬೇಕಿತ್ತು ನೀವು. ಮಾಳಿಗೆಯಿಂದ ಒಂದೇ ಸಲ ಬಿದ್ದಿದೀರ" ಎಂದಿದ್ದರು. ಇವಳು, "ತಡ್ಕೋಬೇಕಾದ್ದಲ್ವಾ ಡಾಕ್ಟ್ರೇ ಇದು?" ಎಂದು ಕೇಳಿದಳು. ಆಕೆ ಬರೆಯುವುದು ನಿಲ್ಲಿಸಿ ತಲೆಯೆತ್ತಿ, "ಯಾಕೆ?" ಅಂದರು. ಇವತ್ತು ಆ 'ಯಾಕೆ'ಗೆ ಉತ್ತರವಿತ್ತು. ಜೊತೆಯಲ್ಲಿ ಕೆಲಸ ಮಾಡುವ ಮುಳ್ಳಕ್ಕನಿಗಾಗಿ.

ಅವಳು ಕೆಲಸ ಮಾಡುತ್ತಿದ್ದುದು ಹೂವಿನ ಶೆಡ್ಡಿನಲ್ಲಿ. ತೋಟಗಳಿಂದ ಬೆಳಗ್ಗೆ ಗುಲಾಬಿಯ ಬಕೆಟ್ಟುಗಳು ಬಂದಿಳಿಯುತ್ತವೆ. ಉದ್ದನೆಯ ಮೇಜಿನ ಎರಡೂ ಬದಿಗೆ ಹೆಂಗಸರು ನಿಂತು ಎಲೆ ಸವರಿ, ಮುಳ್ಳು ತೆಗೆದು, ಕಡ್ಡಿಯ ಉದ್ದ ನೋಡಿ ಬೇರೆ ಮಾಡಿ, ಕಟ್ಟು ಕಟ್ಟಿ, ರಟ್ಟು ಸುತ್ತಿ, ಟೇಪು ಹಚ್ಚುತ್ತಾರೆ. ಕಟ್ಟುಗಳೆಲ್ಲ ಹೋಗುವುದು ತಣ್ಣನೆಯ ಕೋಣೆಗೆ. ಅದಕ್ಕೆ ಏನೋ ಹೆಸರಿದೆ, ಶೆಡ್ಡಿನವರು ಮಾತ್ರ 'ಒಳಗೆ' ಎನ್ನುತ್ತಾರೆ. ಒಳಗೆ ಯಾರಾದರೂ ಒಬ್ಬರು ಇರಲೇಬೇಕು: ಹಳೆಯ ಬಕೆಟ್ಟು ಮುಂದಕ್ಕೆ, ಹೊಸದು ಹಿಂದಕ್ಕೆ, ಕೊಳೆತ ಪಕಳೆ ಕಿತ್ತು, ಲಾರಿಗೆ ಬೇಕಾದ್ದು ಆರಿಸಿ ಕೊಡಬೇಕು. ಪಾಳಿಯ ಮೇಲೆ ಹೋಗುತ್ತಿದ್ದರು. ದಪ್ಪನೆಯ ನೀಲಿ ಕೋಟು ಒಂದೇ ಒಂದು. ಅದಕ್ಕೊಂದು ಕ್ರಮವಿತ್ತು, ಯಾರು ಮಾಡಿದ ಕ್ರಮವೋ, ಯಾರಿಗೂ ಗೊತ್ತಿಲ್ಲ. ಪಾಳಿ ಮುಗಿಸಿ ಹೊರಬಂದವಳು ಕೋಟು ಬಿಚ್ಚುವುದಿಲ್ಲ, ಬಾಗಿಲ ಬಳಿ ಬೆನ್ನು ತಿರುಗಿಸಿ ನಿಲ್ಲುತ್ತಾಳೆ. ಮುಂದಿನವಳು ಹಿಂದಿನಿಂದ ಅದನ್ನು ಹೆಗಲಿನಿಂದ ಜಾರಿಸಿ, ಆ ಮೈಯ ಬಿಸಿ ಆರುವ ಮೊದಲೇ ತಾನು ತೋಳು ತೂರಿಸಿಕೊಂಡು ಒಳಗೆ ಹೋಗುತ್ತಾಳೆ. ಕೋಟನ್ನು ಮೊಳೆಗೆ ತಗುಲಿಸುವುದೆಂದರೆ ಮುಖಕ್ಕೆ ಉಗುಳಿದಂತೆ. ಒಂದು ಸಲ ಜಗಳವಾಡಿದ ಇಬ್ಬರಲ್ಲಿ ಒಬ್ಬಳು ಹಾಗೆ ತಗುಲಿಸಿ ಹೋಗಿದ್ದಳು. ಇನ್ನೊಬ್ಬಳು ತಣ್ಣಗಿದ್ದ ಕೋಟು ಹಾಕಿಕೊಂಡು ಬಕೆಟ್ಟುಗಳ ನಡುವೆ ನಿಂತು ಅತ್ತದ್ದನ್ನು ಲಾರಿಯವರೂ ನೋಡಿದ್ದರು.

ಈಗ ಆ ಕೋಟು ಚಳಿಗಾಲವಿಡೀ ಮೊಳೆಯಲ್ಲೇ ನೇತಾಡುತ್ತಿತ್ತು. ಹೆಗಲ ಮೇಲೆ ದೂಳು ಕೂತಿತ್ತು. ಅದಕ್ಕೆ ಅವಳೇ ಕಾರಣ. ಚಳಿಗಾಲ ಕಾಲಿಟ್ಟಾಗ ಮೇಸ್ತ್ರಿ ಎಲ್ಲರ ಮುಂದೆ, ಯಾರ ಹೆಸರೂ ಹಿಡಿಯದೆ, "ಒಳಗೆ ಹೋಗೋಕಾಗದವರು ಹೊರಗೂ ಬೇಡ, ನನಗೂ ಮೇಲಿನವರಿಗೆ ಉತ್ತರ ಕೊಡೋದಿರುತ್ತೆ" ಅಂದಿದ್ದ. ಹೆಸರು ಹಿಡಿಯುವ ಅಗತ್ಯವೇನಿತ್ತು, ಎಲ್ಲರೂ ಮುಳ್ಳಕ್ಕನ ಕೈ ನೋಡಿದ್ದರು. ಶೆಡ್ಡು ಶುರುವಾದಾಗಿನಿಂದ ಇದ್ದವರು ಮುಳ್ಳಕ್ಕ. ಮುಳ್ಳು ತೆಗೆಯುವುದರಲ್ಲಿ ಎತ್ತಿದ ಕೈ ಅಂತ ಬಂದ ಹೆಸರು. ಒಳಗೆ ಸ್ವಲ್ಪ ಹೊತ್ತು ಇದ್ದರೆ ಸಾಕು, ಅವರ ಬೆರಳುಗಳು ಮೊದಲು ಸುಣ್ಣದ ಹಾಗೆ ಬಿಳುಚಿ, ಆಮೇಲೆ ನೀಲಿಗಟ್ಟಿ, ಹೊರಗೆ ಬಂದ ಮೇಲೆ ಕೆಂಪಗೆ ಊದಿ, ಆ ದಿನ ಇನ್ನೊಂದು ಕಡ್ಡಿಯನ್ನೂ ಹಿಡಿಯಲಾಗುತ್ತಿರಲಿಲ್ಲ. ಆಗಲೇ ಇವಳಿಗೆ ಒಂದು ಕಾವು ಏರುತ್ತಿತ್ತು, ಕತ್ತು ಉರಿಯುತ್ತಿತ್ತು, ಆ ಕೋಣೆಯ ಬಾಗಿಲು ಸ್ವರ್ಗದ ಬಾಗಿಲಿನಂತೆ ಕಂಡು, "ಮುಳ್ಳಕ್ಕನ ಪಾಳಿ ನಾನು ಮಾಡ್ತೀನಿ. ಎಲ್ಲರದ್ದೂ ನಾನೇ ಮಾಡ್ತೀನಿ ಬೇಕಿದ್ರೆ" ಅಂದುಬಿಟ್ಟಳು. ಎಲ್ಲರೂ ಅವಳನ್ನೇ ನೋಡಿದರು. ಕಟ್ಟು ಸುತ್ತುವವಳೊಬ್ಬಳಿದ್ದಳು, ಗಂಟಲು ಸದಾ ಜೋರಾಗಿದ್ದುದಕ್ಕೇ ಅವಳಿಗೆ ಪಿಸುಮಾತು ಅಂತ ಹೆಸರು; ಅವಳು, "ಅಯ್ಯೋ ದೇವತೆ ಕಣ್ರೇ ಇವಳು!" ಎಂದು ಶೆಡ್ಡು ಹಾರಿಹೋಗುವ ಹಾಗೆ ಕೂಗಿದಳು. ಇದು ಒಳ್ಳೆಯತನವಲ್ಲ, ನನಗೆ ತಂಪು ಬೇಕಿತ್ತು ಅಷ್ಟೆ ಎಂದು ಇವಳು ಹೇಳಬಹುದಿತ್ತು. ಹೇಳಲಿಲ್ಲ. ಆಮೇಲೆ ಅವಳ ಹೆಸರೇ ಒಲೆ ಎಂದಾಯಿತು. ಕೈ ಮರಗಟ್ಟಿದವರೆಲ್ಲ ಅವಳ ಕತ್ತಿನ ಹಿಂದೆ ಅಂಗೈ ಇಟ್ಟು ಬಿಸಿ ಮಾಡಿಕೊಂಡು, "ಒಲೆ ಚೆನ್ನಾಗಿ ಉರೀತಿದೆ ಇವತ್ತು" ಎಂದು ನಗುತ್ತಿದ್ದರು. ಇಷ್ಟು ವರ್ಷದ ಕೆಲಸದಲ್ಲಿ ಯಾರೂ ಅವಳನ್ನು ಅಷ್ಟು ಮುಟ್ಟಿರಲಿಲ್ಲ.

ಆ ಬೆಳಗ್ಗೆ ಅವಳು ಶೆಡ್ಡಿಗೆ ಬರುತ್ತಿದ್ದಂತೆಯೇ ಪಿಸುಮಾತು, "ಬಂತು ನೋಡ್ರೇ ನಮ್ಮ ಒಲೆ!" ಅಂದಳು. ಮೇಜಿನ ತುದಿಯಲ್ಲಿ ಮುಳ್ಳಕ್ಕ ತಲೆಯೆತ್ತದೆ ನಕ್ಕರು. ಅವರ ಬೆರಳುಗಳ ನಡುವೆ ಗುಲಾಬಿಯ ಕಡ್ಡಿ ಒಂದೇ ಎಳೆತಕ್ಕೆ ನುಣ್ಣಗಾಗಿ ಹೊರಬರುತ್ತಿತ್ತು. ಮೂರು ವಾರದಿಂದಲೋ ಏನೋ, ಆ ಬೆರಳುಗಳ ಊತ ಇಳಿದು ಗಂಟುಗಳು ಕಾಣುವಂತಾಗಿದ್ದವು. ನಾನು ವಾಸಿಯಾದರೆ ಆ ಕೈ ಮತ್ತೆ ಊದುತ್ತದೆ. ಊದಿದ ಕೈಯವರನ್ನು ಮೇಸ್ತ್ರಿ ಇಟ್ಟುಕೊಳ್ಳುವುದಿಲ್ಲ. ಹಾಗೆಂದು ಮೊಳೆಯ ಮೇಲಿನ ಕೋಟಿಗೆ ಕೈ ಹಾಕದೆ ಹೋದರೆ, ನಿನ್ನೆಯಂತೆಯೇ ಹಲ್ಲು ಕಟಕಟ ಅನ್ನುವುದು ಯಾರಿಗೂ ಕೇಳಿಸದ ಹಾಗೆ ನಾಲಿಗೆಯನ್ನು ನಡುವೆ ಇಟ್ಟುಕೊಂಡು ನಿಲ್ಲಬೇಕು. ಅವಳು ಒಳಗೆ ಹೋಗುವ ಬದಲು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಬಟ್ಟೆ ಸರಿಸಿ, ಉಗುರಿನಿಂದ ಪಟ್ಟಿಯ ಅಂಚು ಎಬ್ಬಿಸಿ, ಕಣ್ಣು ಮುಚ್ಚಿ ಎಳೆದಳು. ಅದು ಬಂದುಬಿಟ್ಟಿತು. ಇಷ್ಟೇ. ಇದನ್ನು ತೆಗೆದರೆ ಒಲೆ ಮತ್ತೆ ಹತ್ತಿಕೊಳ್ಳುತ್ತದೆ, ಎಲ್ಲ ಮೊದಲಿನ ಹಾಗೆ. ನಿದ್ದೆ ಹೋಗುತ್ತದೆ, ಗಂಡ ಮತ್ತೆ ಟೋಪಿ ಹಾಕಿಕೊಳ್ಳುತ್ತಾನೆ, ಹಾಕಿಕೊಂಡು ಏನೂ ಅನ್ನುವುದಿಲ್ಲ. ಹೋಗಲಿ. ಆದರೆ ಪಟ್ಟಿಯನ್ನು ಬುಟ್ಟಿಗೆ ಹಾಕಲು ಕೈ ಬರಲಿಲ್ಲ. ಎಸೆದರೆ ಎಸೆದ ಹಾಗೆಯೇ. ಎಲ್ಲಿಡುವುದು ಎಂದು ತೋಚದೆ ಎಡಗೈಯ ಮಣಿಕಟ್ಟಿನ ಮೇಲೆ ಅಂಟಿಸಿ, ತೋಳು ಕೆಳಗೆಳೆದು ಮುಚ್ಚಿಕೊಂಡಳು. ಅಂಗಡಿಯಲ್ಲಿ ಏನೋ ಎತ್ತಿ ಸೆರಗಿನಲ್ಲಿ ಅಡಗಿಸಿಕೊಂಡವಳ ಹಾಗೆ ಹೊರಬಂದು, ಯಾರ ಕಡೆಗೂ ನೋಡದೆ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

ಒಳಗೆ ಯಂತ್ರದ ಗುಂಯ್ಗುಟ್ಟುವಿಕೆ. ಮೊಗ್ಗುಗಳೆಲ್ಲ ಬಾಯಿ ಬಿಗಿದುಕೊಂಡು ಸಾಲಾಗಿ ನಿಂತಿದ್ದವು. ಇಲ್ಲಿ ಅವು ಅರಳುವುದಿಲ್ಲ, ಬಾಡುವುದೂ ಇಲ್ಲ, ಸುಮ್ಮನೆ ಇರುತ್ತವೆ. ಕಾವಿನ ದಿನಗಳಲ್ಲಿ ಅವುಗಳ ನಡುವೆ ನಿಂತು ಅವಳು ಒಂದು ವಿಚಿತ್ರ ಸುಖ ಪಟ್ಟಿದ್ದಳು: ಇವೂ ನನ್ನ ಹಾಗೆ, ಬೇರು ಕಿತ್ತವು, ಆದರೂ ನೆಟ್ಟಗೆ ನಿಂತಿವೆ. ಇವತ್ತು ಅಂಥದ್ದೇನೂ ಅನ್ನಿಸಲಿಲ್ಲ. ಚಳಿಯಾಯಿತು, ಅಷ್ಟೆ. ಚಳಿ ಮೊದಲು ಕಿವಿ ಹಿಡಿಯಿತು, ಆಮೇಲೆ ಕಾಲಬೆರಳು, ಆಮೇಲೆ ಹೊಲಿಗೆಯ ಗೆರೆಯುದ್ದಕ್ಕೂ ಹರಿದಾಡಿತು. ಅವಳು ಕಾವಿಗಾಗಿ ಕಾದಳು. ಬಾ, ಬಾ ಎಂದು ಕರೆದಳು. ಯಾವುದರಿಂದ ಬಿಡುಗಡೆ ಬೇಕೆಂದು ಡಾಕ್ಟರಮ್ಮನ ಮುಂದೆ ಅತ್ತಿದ್ದಳೋ ಅದನ್ನೇ ಈಗ, ಬಾಗಿಲಲ್ಲಿ ನಿಂತು ಮಗುವನ್ನು ಕರೆಯುವ ಹಾಗೆ ಕರೆಯುತ್ತಿದ್ದೇನಲ್ಲ ಎಂದು ನಗು ಬಂತು. ನಗಲು ಹೋದರೆ ದವಡೆ ನಡುಗಿತು. ಬಕೆಟ್ಟು ಎತ್ತಿದಳು. ಕೈ ಜಾರಿ ನೀರು ಕಾಲ ಮೇಲೆ ಚೆಲ್ಲಿತು. ಬಾಗಿಲು ತೆರೆದ ಸದ್ದಾದದ್ದು ಆಗಲೇ.

ಬಂದವರು ಮುಳ್ಳಕ್ಕ. ಲಾರಿಗೆ ಕೆಂಪು ಬೇಕೆಂದು ಹೇಳಲು ಬಂದವರು, ಹೇಳದೆ, ಹಿಂದಿನಿಂದ ಬಂದು ರೂಢಿಯಂತೆ ಎರಡೂ ಅಂಗೈಯನ್ನು ಇವಳ ಕತ್ತಿನ ಮೇಲಿಟ್ಟರು. ಇಟ್ಟ ಕೈ ಹಾಗೇ ನಿಂತಿತು. ಮುಳ್ಳಕ್ಕನ ಕೈಯೇ ತನ್ನ ಕತ್ತಿಗಿಂತ ಬೆಚ್ಚಗಿದೆ ಎಂದು ಇವಳಿಗೆ ತಿಳಿಯಿತು. ಅದು ಅವರಿಗೂ ತಿಳಿಯಿತು ಎಂಬುದೂ ತಿಳಿಯಿತು.

"ಏನೇ ಇದು, ಮಂಜುಗಡ್ಡೆ ಆಗಿದೀಯಲ್ಲ" ಅಂದರು ಮುಳ್ಳಕ್ಕ.

"ನೀರು ಚೆಲ್ಲಿಕೊಂಡೆ, ಅದಕ್ಕೆ."

"ನೀರು ಚೆಲ್ಲಿದ್ದು ಕಾಲಿಗೆ. ನಾನು ಮುಟ್ಟಿದ್ದು ಕತ್ತು." ಭುಜ ಹಿಡಿದು ತಮ್ಮ ಕಡೆಗೆ ತಿರುಗಿಸಿಕೊಂಡರು. ಇವಳು ಬಿದ್ದ ಬಕೆಟ್ಟು ಎತ್ತಲು ಬಾಗಿದಾಗ ತೋಳು ಮೇಲೆ ಸರಿಯಿತು. "ಇದೇನು ಅಂಟಿಸ್ಕೊಂಡಿದೀಯ ಕೈಗೆ? ಗಾಯವಾ?"

ಅವಳು ಹೇಳಿದಳು. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಫ್ಯಾನಿನಿಂದ ಶುರು ಮಾಡಿದಳು, ಅಲ್ಲಿಂದ ಡಾಕ್ಟರಮ್ಮನಿಗೆ ಹೋಗಿ, ಪಟ್ಟಿಗೆ ಬಂದು, ಅಕ್ಕನ ಬೀಸಣಿಗೆಗೆ ಹೋಗಿ, ಮೇಸ್ತ್ರಿಯ ಮಾತಿಗೆ ಬಂದು ನಿಂತಳು. "ನಾನು ಒಳ್ಳೆಯವಳೇನಲ್ಲ ಮುಳ್ಳಕ್ಕ. ಆಗ ನನಗೆ ಉರೀತಿತ್ತು, ಒಳಗೆ ಬಂದ್ರೆ ಹಾಯೆನ್ನಿಸ್ತಿತ್ತು, ಅದಕ್ಕೇ ಬಂದೆ. ನೀವೆಲ್ಲ ಏನೇನೋ ಅಂದ್ಕೊಂಡ್ರಿ. ನಾನೂ ಅನ್ನಿಸ್ಕೊಂಡೆ." ಹಲ್ಲು ಕಟಕಟ ಅನ್ನುತ್ತಿತ್ತು, ಈಗ ಅದನ್ನು ಮುಚ್ಚಿಡಬೇಕಿರಲಿಲ್ಲ. "ಇದನ್ನ ಬಿಟ್ಟುಬಿಡ್ತೀನಿ. ಬಿಟ್ರೆ ಮತ್ತೆ ಬರುತ್ತೆ ಕಾವು."

ಮುಳ್ಳಕ್ಕ ತಮ್ಮ ಕೈಗಳನ್ನು ನೋಡಿಕೊಂಡರು. ಆಗಲೇ ಬೆರಳ ತುದಿ ಬೆಳ್ಳಗಾಗತೊಡಗಿತ್ತು. "ನೀನು ಸುಡ್ತಾ ಇದ್ದೆ," ಅಂದರು ನಿಧಾನಕ್ಕೆ, "ನಾವು ಕೈ ಕಾಯಿಸ್ಕೊಂಡ್ವಿ. ಒಬ್ಬಳಾದ್ರೂ ಕೇಳಿದ್ವಾ ಯಾಕೆ ಸುಡ್ತಿದೀಯ ಅಂತ?" ಆಮೇಲೆ ದನಿ ಬದಲಿಸಿ, "ಬಟ್ಟೆ ಸರಿಸು" ಅಂದರು.

"ಅಯ್ಯೋ, ಇಲ್ಲೇನಾ?"

"ಇನ್ನೆಲ್ಲಿ? ಈ ಗುಲಾಬಿಗಳು ಯಾರಿಗೂ ಹೇಳಲ್ಲ ಬಿಡು."

ಮಣಿಕಟ್ಟಿನಿಂದ ಪಟ್ಟಿ ಬಿಡಿಸಿ ಹೊಟ್ಟೆಗಿಟ್ಟರೆ ಅದು ನಿಲ್ಲಲಿಲ್ಲ. ಚಳಿಗೆ, ನೀರಿಗೆ, ಎರಡು ಸಲ ಕಿತ್ತದ್ದಕ್ಕೆ ಅಂಚು ಸುರುಳಿಯಾಗುತ್ತಿತ್ತು. ಮುಳ್ಳಕ್ಕ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಹೂಕಟ್ಟಿನ ಟೇಪು ತೆಗೆದು, ಹಲ್ಲಿನಿಂದ ಕತ್ತರಿಸಿ, ನಾಲ್ಕೂ ಅಂಚಿಗೆ ನಾಲ್ಕು ತುಂಡು ಹಾಕಿ ಹೆಬ್ಬೆರಳಿನಿಂದ ಒತ್ತಿದರು. ಶೆಡ್ಡಿನ ಗುರುತಿನ ಹಸಿರು ಎಲೆ ಆ ಟೇಪಿನ ಮೇಲೆ ಅಚ್ಚಾಗಿತ್ತು. "ಆಯ್ತು, ಪ್ಯಾಕಿಂಗು ಮುಗೀತು. ಲಾರಿಗೆ ಏರಿಸೋದೊಂದೇ ಬಾಕಿ" ಅಂದರು. ಅವಳು ನಕ್ಕಳು, ನಗುತ್ತಾ ಅತ್ತಳು. ಒಳಗೆ ಕಣ್ಣೀರೂ ಬಲು ಬೇಗ ತಣ್ಣಗಾಗುತ್ತದೆ. ಮುಳ್ಳಕ್ಕ ಹೊರಗೆ ಹೋಗಿ ಮೊಳೆಯಿಂದ ಕೋಟು ತೆಗೆದು ಎರಡು ಸಲ ಕೊಡವಿದರು. ತಾವೇ ಹಾಕಿಕೊಂಡರು. ಗುಂಡಿ ಮುಚ್ಚಿ, ಮೇಜಿನ ಸುತ್ತ ಎರಡು ಸುತ್ತು ಬಂದರು, ಅಂಗೈಯನ್ನು ಕಂಕುಳಲ್ಲಿ ಒತ್ತಿಕೊಂಡು ನಿಂತರು. ಹೆಂಗಸರೆಲ್ಲ ಕೈ ನಿಲ್ಲಿಸಿ ನೋಡಿದರು. ಆಮೇಲೆ ಬಾಗಿಲ ಬಳಿಗೆ ಬಂದು ಅವಳಿಗೆ ಬೆನ್ನು ತಿರುಗಿಸಿ ನಿಂತು, "ತಗೋ" ಅಂದರು. ಅವಳು ಹೆಗಲಿನಿಂದ ಕೋಟು ಜಾರಿಸಿ ತೋಳು ತೂರಿಸಿದಳು. ಬೇರೊಬ್ಬರ ಮೈಯ ಬಿಸಿ. ಅದು ಉರಿಯಲ್ಲ. ಬೆನ್ನ ಮೇಲೆ ಯಾರೋ ಕೈಯಿಟ್ಟ ಹಾಗಿತ್ತು.

"ಏನಿದು, ಒಲೆ ಆರಿಹೋಯ್ತಾ?" ಎಂದು ಮೇಸ್ತ್ರಿ ಕೇಳಿದ. "ಆರಿತು" ಎಂದು ಮುಳ್ಳಕ್ಕನೇ ಹೇಳಿದರು. "ಇನ್ನು ಎಲ್ಲರದ್ದೂ ಪಾಳಿ." ಪಿಸುಮಾತು, "ಅಯ್ಯಯ್ಯೋ, ನಮ್ಮ ಸುಖಕ್ಕೆ ಯಾರ ಕಣ್ಣು ಬಿತ್ತೋ" ಎಂದು ಗೋಳಾಡಿ, ಸಂಜೆ ಹೊತ್ತಿಗೆ ಮುಳ್ಳಕ್ಕನಿಂದ ವಿಷಯ ತಿಳಿದು, ಇವಳನ್ನು ಮೂಲೆಗೆ ಕರೆದು, ಹೆಸರಿಗೆ ತಕ್ಕಂತೆ ಮೊದಲ ಬಾರಿಗೆ ನಿಜವಾಗಿ ಪಿಸುಗುಟ್ಟಿದಳು: "ಆ ಡಾಕ್ಟ್ರು ಎಲ್ಲಿ ಸಿಗ್ತಾರೆ? ನಂಗಲ್ಲ, ನನ್ನ ನಾದಿನಿಗೆ." ಮುಂದಿನ ಸಲ ಹೋದಾಗ ಡಾಕ್ಟರಮ್ಮ ಹಸಿರು ಎಲೆಯ ಟೇಪಿನ ಕತೆ ಕೇಳಿ ಬಹಳ ಹೊತ್ತು ನಕ್ಕು, ಬಿದ್ದುಹೋದರೆ ಹೊಸದನ್ನೇ ಹಾಕಿಕೊಳ್ಳಬೇಕೆಂದು ತಿಳಿಹೇಳಿದರು. ಅಷ್ಟು ಹೊತ್ತಿಗೆ ಚಳಿಗಾಲ ಹೊಸಿಲು ದಾಟಿತ್ತು, ಆದರೆ ಒಳಗಿನ ಚಳಿಗೆ ಕಾಲವಿಲ್ಲ.

ಮುಳ್ಳಕ್ಕ ತಮ್ಮ ಪಾಳಿ ಬಿಡಲಿಲ್ಲ. "ಇವರದ್ದು ನಾನು ಮಾಡ್ತೀನಿ" ಎಂದು ಅವಳು ಎದ್ದಾಗಲೆಲ್ಲ, "ಮತ್ತೆ ಶುರು ಮಾಡಬೇಡ" ಎಂದು ಗದರಿಸಿ ಹೋದರು. ಕೈ ಊದಿತು. ಮೇಜಿನ ಮೇಲೆ ಮುಳ್ಳು ಉಳಿದ ಕಡ್ಡಿಗಳು ಕಾಣತೊಡಗಿದವು, ಅವನ್ನು ಅವಳು ಯಾರಿಗೂ ಕಾಣದ ಹಾಗೆ ತನ್ನ ಕಡೆಗೆ ಎಳೆದುಕೊಂಡು ಸವರುತ್ತಿದ್ದಳು. ತಂಗಿಯ ಮನೆಯಲ್ಲಿ ಇರಲಿಕ್ಕೆ ಕರೀತಿದಾರೆ, ಅಲ್ಲಿ ಬಿಸಿಲು ಜಾಸ್ತಿಯಂತೆ, ಹೋಗ್ತೀನಿ ಎಂದು ಒಂದು ದಿನ ಮುಳ್ಳಕ್ಕ ಹೇಳಿದರು. ಅದು ತಂಗಿ ಕರೆದದ್ದೋ, ಮೇಸ್ತ್ರಿ ಹೇಳಿದ್ದೋ, ತನ್ನಿಂದ ಆದದ್ದೋ ಎಂದು ಅವಳು ಕೇಳಿದಳು. "ನನ್ನ ಕೈ ಊದಿದ್ದು ನಿನ್ನ ಪಟ್ಟಿಯಿಂದಲ್ಲ ಕಣೆ, ನನ್ನ ವಯಸ್ಸಿಂದ. ನಿನ್ನ ವಯಸ್ಸಿನ್ನೂ ನಿನ್ನ ಹತ್ರ ಇದೆ, ಇಟ್ಕೋ" ಅಂದರು. ಅವಳು ಪೂರ್ತಿ ನಂಬಲಿಲ್ಲ. ನಂಬದೆಯೇ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು, ಬೆಳಗ್ಗೆ ಎದ್ದು ಹಾಗೆ ನಿದ್ದೆ ಬಂದದ್ದಕ್ಕೆ ಒಂದಿಷ್ಟು ನಾಚಿದಳು, ಆಮೇಲೆ ಬಲಗಡೆಯ ಪಟ್ಟಿ ತೆಗೆದು ಎಡಗಡೆಗೆ ಹೊಸದನ್ನು ಅಂಟಿಸಿಕೊಂಡಳು.

ಕೊನೆಯ ದಿನ ಮುಳ್ಳಕ್ಕನದೇ ಮೊದಲ ಪಾಳಿ, ಅವರ ನಂತರ ಅವಳದು. ಅವರು ಹೊರಗೆ ಬಂದು ಬೆನ್ನು ತಿರುಗಿಸಿ ನಿಂತರು. ಅವಳು ಕೋಟು ಜಾರಿಸಿಕೊಂಡು ಹಾಕಿಕೊಂಡಳು, ಮುಳ್ಳಕ್ಕನ ನೀಲಿಗಟ್ಟಿದ ಕೈ ಎರಡನ್ನೂ ಹಿಡಿದು ತನ್ನ ಕತ್ತಿನ ಮೇಲಿಟ್ಟುಕೊಂಡಳು. ಅಲ್ಲಿ ಈಗ ಎಲ್ಲರಿಗೂ ಇರುವಷ್ಟೇ ಬಿಸಿಯಿತ್ತು. "ಸಾಕು, ಇಷ್ಟು ಸಾಕು" ಎಂದು ಮುಳ್ಳಕ್ಕ ಕೈ ತೆಗೆದರು. ಅವಳು ಒಳಗೆ ಹೋಗಿ ಹಳೆಯ ಬಕೆಟ್ಟುಗಳನ್ನು ಮುಂದಕ್ಕೆ ಎಳೆದಳು, ಕೊಳೆತ ಪಕಳೆ ಕಿತ್ತಳು, ಲಾರಿಗೆ ಬಿಳಿಯದನ್ನು ಆರಿಸಿ ಕೊಟ್ಟಳು. ಹೊರಗೆ ಬಂದಾಗ ಮೇಜಿನ ತುದಿಯ ಜಾಗ ಖಾಲಿಯಿತ್ತು, ಒರೆಸಿ ಇಟ್ಟಿತ್ತು. ಮುಂದಿನವಳು ಇನ್ನೂ ಕೈ ತೊಳೆಯುತ್ತಿದ್ದಳು. ಪಕ್ಕದಲ್ಲೇ ಮೊಳೆಯಿತ್ತು. ಅವಳು ಕೋಟು ಬಿಚ್ಚಲಿಲ್ಲ. ಬಾಗಿಲ ಬಳಿ ಬೆನ್ನು ತಿರುಗಿಸಿ, ಮೈಯ ಬಿಸಿಯನ್ನು ಹಿಡಿದುಕೊಂಡು, ಮುಂದಿನವಳು ಬರುವವರೆಗೂ ನಿಂತಳು. ಮುಳ್ಳಕ್ಕ ಹೋಗಿದ್ದರು.